ನವಸಾಗರ ಮತ್ತು ನಮ್ಮ ಹೊಲ

(ಸಂಘದ ವಾರ್ಷಿಕೋತ್ಸವದ ಸಂದರ್ಭದಲ್ಲಿ ವಡ್ಡೆಪಲ್ಲಿಯಲ್ಲಿ ಮಾಡಿದ ಭಾಷಣ)



ಕಳೆದ ವರ್ಷ ಇದೇ ವೇದಿಕೆಯಿಂದ ನಾವು ಪಂಪನ ಕರ್ಣನನ್ನು ಕುರಿತು ಮುಕ್ಕಾಲು ಗಂಟೆಯ ಕಾಲ ಮಾತನಾಡಿದೆವು. ಸಭೆ ಮುಗಿದ ಮೇಲೆ ಹಿರಿಯ ಒಕ್ಕಲಿಗರೊಬ್ಬರು ನಮ್ಮ ಬಳಿಗೆ ಬಂದರು. "ಮಾಸ್ತರ್ರೀ, ಕರ್ಣನ ಕಥಿ ಚಲೋ ಇತ್ತು. ಆದರ ಗೊಬ್ಬರದ ಚೀಲದಾಗ ಏನೈತಿ, ಅದು ಎಲ್ಲಿಗೆ ಹೋಗತೈತಿ ಅಂತ ಕನ್ನಡದಾಗ ಹೇಳೋರು ಯಾರದಾರ?" ಎಂದು ಕೇಳಿದರು. ಆ ಮಾತಿಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ವರ್ಷವಿಡೀ ಅದು ನಮ್ಮನ್ನು ಬಿಡಲಿಲ್ಲ. ಆದಕಾರಣ ಈ ಸಲ ಪಂಪನಿಂದ ಅಪ್ಪಣೆ ಪಡೆದು, ನಮ್ಮ ಶಾಲೆಯ ವಿಜ್ಞಾನದ ಸಹೋದ್ಯೋಗಿಗಳನ್ನು ಕಾಡಿ ಬೇಡಿ, ಕಲಿತಷ್ಟನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳಲು ನಿಂತಿದ್ದೇವೆ.

ಕನ್ನಡದ ಪಂಡಿತನಿಗೆ ರಸಾಯನಶಾಸ್ತ್ರದ ಗೊಡವೆ ಏತಕ್ಕೆ ಎಂದು ಕೆಲವರು ನಗಬಹುದು. ಅಂಥವರಿಗೆ ಬೆಳ್ಳಾವೆ ವೆಂಕಟನಾರಣಪ್ಪನವರ ಹೆಸರನ್ನು ನೆನಪಿಸುತ್ತೇವೆ. ಅವರು ಭೌತಶಾಸ್ತ್ರದ ಅಧ್ಯಾಪಕರು. 1918ರಷ್ಟು ಹಿಂದೆಯೇ ಕನ್ನಡದಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ನಡೆಸಿದವರು. ಆ ಮಹನೀಯರೇ ಪಂಪಭಾರತವನ್ನು ಸಂಪಾದಿಸಿ ಸಾಹಿತ್ಯ ಪರಿಷತ್ತಿನಿಂದ ಹೊರತಂದರು. ಭೌತಶಾಸ್ತ್ರದವರು ಪಂಪನ ಮನೆಗೆ ಬರಬಹುದಾದರೆ, ಪಂಪನ ಮನೆಯವರು ಗೊಬ್ಬರದ ಅಂಗಡಿಯವರೆಗೆ ಹೋಗಿ ಬರುವುದರಲ್ಲಿ ತಪ್ಪೇನೂ ಕಾಣದು.

ನಮ್ಮ ಈ ಸೀಮೆಯ ಪರಿಸ್ಥಿತಿಯನ್ನು ತಾವೆಲ್ಲರೂ ಬಲ್ಲಿರಿ. ಗದ್ವಾಲ, ಅಲಂಪುರ ತಾಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಅವು ಮಹಬೂಬನಗರಕ್ಕೆ ಸೇರಿದವು. 2016ರಲ್ಲಿ ಗದ್ವಾಲವೇ ಜಿಲ್ಲೆಯ ಕೇಂದ್ರವಾಯಿತು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಚೀಲದ ಮೇಲೆ ಇಂಗ್ಲಿಷು, ಹೀಗೆ ನಮ್ಮ ಒಕ್ಕಲಿಗನು ದಿನಕ್ಕೆ ಮೂರು ಭಾಷೆಗಳ ಗಡಿಯನ್ನು ದಾಟುತ್ತಾನೆ. ಇದರಲ್ಲಿ ದುಃಖಪಡುವಂಥದ್ದು ಏನೂ ಇಲ್ಲ. ತೆಲುಗರು ಚೌಡು ಎಂದರೆ ನಾವು ಚೌಳು ಎನ್ನುತ್ತೇವೆ, ಸವಳು ಎನ್ನುತ್ತೇವೆ. ನೆಲ ಒಂದೇ, ಅದರ ರುಚಿಯೂ ಒಂದೇ. ಆದರೆ ಹೊಲದ ಕೆಲಸದ ಹಿಂದಿರುವ ಕಾರಣವನ್ನು ಮನೆಯ ಮಾತಿನಲ್ಲಿ ಕೇಳದೆ ಇದ್ದರೆ, ಆ ಕೆಲಸ ಕೇವಲ ರೂಢಿಯಾಗಿ ಉಳಿಯುತ್ತದೆ. ರೂಢಿ ತಪ್ಪಿದಾಗ ತಿದ್ದಿಕೊಳ್ಳುವ ಬಗೆ ತಿಳಿಯದು.

ಇನ್ನು ವಿಷಯಕ್ಕೆ ಬರೋಣ. ಗೊಬ್ಬರದ ಚೀಲಕ್ಕಿಂತ ಮೊದಲು ಹಿತ್ತಾಳೆಯ ಕೊಡದಿಂದ ಆರಂಭಿಸುತ್ತೇವೆ.

ನಾವು ಚಿಕ್ಕವರಾಗಿದ್ದಾಗ ವರ್ಷಕ್ಕೊಮ್ಮೆ ಕಲಾಯಿ ಸಾಹೇಬರು ಓಣಿಗೆ ಬರುತ್ತಿದ್ದರು. ಬೇವಿನ ಮರದ ಕೆಳಗೆ ಒಂದು ಗುಂಡಿ ತೋಡಿ, ತಿದಿಯನ್ನು ಹೂಳಿ, ಇದ್ದಿಲಿನ ಕೆಂಡ ಮಾಡಿ, ತಾಮ್ರ ಹಿತ್ತಾಳೆಗಳ ಪಾತ್ರೆಗಳನ್ನು ಅದರ ಮೇಲೆ ಕವುಚಿ ಕಾಯಿಸುತ್ತಿದ್ದರು. ಪಾತ್ರೆ ಚೆನ್ನಾಗಿ ಕಾದೊಡನೆ ತವರದ ಕಡ್ಡಿಯನ್ನು ಮುಟ್ಟಿಸಿ, ಒಂದು ಚಿಟಿಕೆ ಬಿಳಿಯ ಪುಡಿಯನ್ನು ಎರಚಿ, ಹತ್ತಿಯ ಉಂಡೆಯಿಂದ ತಿಕ್ಕುತ್ತಿದ್ದರು. ಬುಸ್ಸೆಂದು ಬಿಳಿಯ ಹೊಗೆ ಏಳುತ್ತಿತ್ತು. ಮೂಗಿಗೆ ಘಾಟು ಬಡಿಯುತ್ತಿತ್ತು. ಹೊಗೆ ಹರಿದ ಮೇಲೆ ನೋಡಿದರೆ ಪಾತ್ರೆಯ ಒಳಗೆ ಬೆಳದಿಂಗಳು. ಆ ಬಿಳಿಯ ಪುಡಿಯೇ ನವಸಾಗರ. ಕಳ್ಳಬಟ್ಟಿಯವರೂ ಅದನ್ನು ಬಳಸುತ್ತಾರೆಂದು ವೃತ್ತಪತ್ರಿಕೆಗಳಲ್ಲಿ ಓದುತ್ತೇವೆ; ಆ ಅಪಕೀರ್ತಿಯನ್ನು ಇಲ್ಲಿ ಕೆದಕುವುದು ಬೇಡ.

ಹೆಸರಿನ ವಿಚಾರವಾಗಿ ಒಂದು ಮಾತು. ವೃತ್ತಿಯ ಚಪಲ, ಕ್ಷಮಿಸಬೇಕು. ಪಕ್ಕದ ಅಲಂಪುರದ ನವಬ್ರಹ್ಮ ದೇವಾಲಯಗಳಲ್ಲಿ 'ನವ' ಎಂದರೆ ಒಂಬತ್ತು. ನವಸಾಗರದಲ್ಲಿ ಒಂಬತ್ತೂ ಇಲ್ಲ, ಹೊಸತೂ ಇಲ್ಲ, ಸಾಗರವಂತೂ ಮೊದಲೇ ಇಲ್ಲ. ಪಾರಸಿಯ ನೌಷಾದರ್ ಎಂಬ ಪದವು ಸಂಸ್ಕೃತಕ್ಕೆ ಬಂದು ನವಸಾದರ, ನವಸಾರ ಎಂದಾಗಿ, ನಮ್ಮ ಬಾಯಲ್ಲಿ ಅರ್ಥವುಳ್ಳ ಶಬ್ದದಂತೆ ಕಾಣುವ ನವಸಾಗರವಾಗಿ ನಿಂತಿತು. 'ರಸರತ್ನಸಮುಚ್ಚಯ'ದಲ್ಲಿ ಇದಕ್ಕೆ ಚೂಲಿಕಾಲವಣವೆಂಬ ಹೆಸರೂ ಇದೆ. ಇಟ್ಟಿಗೆ ಸುಡುವ ಆವಿಗೆಯಲ್ಲಿ ಹುಟ್ಟುವ ಬಿಳಿಯ ಹಗುರವಾದ ಉಪ್ಪು ಎಂಬ ವರ್ಣನೆಯೂ ಇದೆ. ಸಗಣಿಯ ಬೆರಣಿಯಿಂದ ಉರಿಯುವ ಆವಿಗೆಯಲ್ಲಿ ಇದು ಉಂಟಾಗುವುದು ನಿಜವೇ ಆದುದರಿಂದ, ಆ ಗ್ರಂಥಕಾರನು ಕಣ್ಣಾರೆ ಕಂಡು ಬರೆದನೆಂದೇ ನಮ್ಮ ನಂಬಿಕೆ. ಪಾಶ್ಚಾತ್ಯರು ಇದನ್ನು ಅಮ್ಮೋನ್ ಎಂಬ ದೇವತೆಯ ಹೆಸರಿನಿಂದ ಕರೆದರು. ಅಮೋನಿಯ ಎಂಬ ಶಬ್ದ ಅಲ್ಲಿಂದ ಬಂದಿತು.

ಈಗ ಒಂದು ಪ್ರಯೋಗ. ತಲೆನೋವು ನೆಗಡಿಗಳಿಗೆ ನಮ್ಮ ಅಜ್ಜಿಯರು ಮಾಡುತ್ತಿದ್ದುದೇ ಇದು, ಹೊಸದೇನೂ ಅಲ್ಲ. ಚಿಟಿಕೆ ನವಸಾಗರವನ್ನು ಅಂಗೈಯಲ್ಲಿ ಹಾಕಿ ಮೂಸಿರಿ: ಯಾವ ವಾಸನೆಯೂ ಇಲ್ಲ. ಎಲೆಯಡಿಕೆಯ ಸುಣ್ಣವನ್ನು ಮೂಸಿರಿ: ಅದಕ್ಕೂ ಘಾಟಿಲ್ಲ. ಎರಡನ್ನೂ ಸೇರಿಸಿ ತಿಕ್ಕಿರಿ: ಕಣ್ಣಲ್ಲಿ ನೀರು ಬರುವಂಥ ಘಾಟು ಏಳುತ್ತದೆ! ಅರಿಸಿನದ ನೀರಿನಲ್ಲಿ ಅದ್ದಿದ ಒದ್ದೆ ಕಾಗದವನ್ನು ಅದರ ಮೇಲೆ, ತಾಗಿಸದೆ, ಹಿಡಿದರೆ ಹಳದಿಯ ಕಾಗದ ಕೆಂಪಾಗುತ್ತದೆ. ಆರತಿಯ ಓಕುಳಿಯಲ್ಲಿ ಅರಿಸಿನಕ್ಕೆ ಸುಣ್ಣ ಸೇರಿದಾಗ ಬರುವ ಕೆಂಪೇ ಅದು. ಆದರೆ ಇಲ್ಲಿ ಸುಣ್ಣ ಕಾಗದವನ್ನು ಮುಟ್ಟಿಲ್ಲ. ಗಾಳಿಯಲ್ಲಿ ಏನೋ ಬಂದು ಮುಟ್ಟಿದೆ. ಕಾಗದವನ್ನು ಬಿಸಿಲಿಗೆ ಬೀಸಿದರೆ ಕೆಂಪು ಮಾಯವಾಗಿ ಹಳದಿಯೇ ಉಳಿಯುತ್ತದೆ, ಏಕೆಂದರೆ ಬಂದದ್ದು ಹೊರಟುಹೋಯಿತು. ಇಂಗ್ಲೆಂಡಿನ ಪ್ರೀಸ್ಟ್ಲಿ ಎಂಬ ವಿದ್ವಾಂಸನು ನವಸಾಗರವನ್ನೂ ಸುಣ್ಣವನ್ನೂ ಕೂಡಿಸಿ ಕಾಯಿಸಿ, ಹೊರಟ ವಾಯುವನ್ನು ಪಾದರಸದ ಮೇಲೆ ಹಿಡಿದಿಟ್ಟು, 1774ರಲ್ಲಿ ಅದಕ್ಕೆ ಕ್ಷಾರವಾಯು ಎಂಬರ್ಥದ ಹೆಸರನ್ನಿಟ್ಟನು. ನೀರಿನ ಮೇಲೆ ಹಿಡಿದಿದ್ದರೆ ನೀರು ಅದನ್ನು ಗುಟುಕರಿಸಿಬಿಡುತ್ತಿತ್ತು.

ಅಂಗೈಯಲ್ಲಿ ನಡೆದುದೇನು? ಅಮೋನಿಯವೆಂದರೆ ಒಂದು ಸಾರಜನಕಕ್ಕೆ ಮೂರು ಜಲಜನಕ ಸೇರಿದ ವಾಯು. ಅದಕ್ಕೆ ಇನ್ನೊಂದು ಪ್ರೋಟಾನು, ಎಂದರೆ ತನ್ನ ಎಲೆಕ್ಟ್ರಾನನ್ನು ಕಳೆದುಕೊಂಡ ಜಲಜನಕದ ತಿರುಳು, ಬಂದು ಕೂಡಿದರೆ ಅದು ಅಮೋನಿಯಂ ಆಗುತ್ತದೆ. ಅಮೋನಿಯಂ ವಾಯುವಲ್ಲ, ಧನ ವಿದ್ಯುತ್ತನ್ನು ಹೊತ್ತ ಕಣ, ಉಪ್ಪಿನಲ್ಲಿ ಕೂಡುತ್ತದೆ, ನೀರಿನಲ್ಲಿ ನಿಲ್ಲುತ್ತದೆ, ವಾಸನೆಯಿಲ್ಲ. ಅದರಿಂದ ಆ ಒಂದು ಪ್ರೋಟಾನನ್ನು ಕಿತ್ತುಕೊಂಡರೆ ಮತ್ತೆ ಅಮೋನಿಯ, ಘಾಟು, ಹಾರಾಟ. ಪ್ರೋಟಾನನ್ನು ಕೊಡುವುದು ಆಮ್ಲ, ತೆಗೆದುಕೊಳ್ಳುವುದು ಪ್ರತ್ಯಾಮ್ಲ ಎಂಬ ಲಕ್ಷಣವನ್ನು 1923ರಲ್ಲಿ ಡೆನ್ಮಾರ್ಕಿನ ಬ್ರಾನ್‌ಸ್ಟೆಡ್ ಮತ್ತು ಇಂಗ್ಲೆಂಡಿನ ಲೌರಿ ಎಂಬವರು ಪರಸ್ಪರ ಅರಿಯದೆಯೇ ಹೇಳಿದರು. ಆ ಪ್ರಕಾರ ಅಮೋನಿಯಂ ಒಂದು ದುರ್ಬಲ ಆಮ್ಲ, ಅಮೋನಿಯ ಒಂದು ಪ್ರತ್ಯಾಮ್ಲ. ಎರಡೂ ಒಂದೇ ವಸ್ತುವಿನ ಎರಡು ಅವಸ್ಥೆಗಳು. ಸುಣ್ಣವು ಪ್ರಬಲವಾದ ಪ್ರತ್ಯಾಮ್ಲವಾದುದರಿಂದ ಅಮೋನಿಯಮ್ಮಿನ ಪ್ರೋಟಾನನ್ನು ಸೆಳೆದುಕೊಂಡಿತು. ಅಷ್ಟೇ ನಡೆದುದು.

ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ವ್ಯಾಕರಣದ ಮೂಲಕ ಹೇಳಿದರೆ ಬೇಗ ತಿಳಿಯಿತು. ಮನೆ ಮತ್ತು ಅನ್ನು ಸೇರಿದಾಗ ನಡುವೆ ಯಕಾರ ಬಂದು ಮನೆಯನ್ನು ಎಂದಾಗುತ್ತದೆ, ಇದು ಆಗಮ. ಊರು ಮತ್ತು ಅನ್ನು ಸೇರಿದಾಗ ಉಕಾರ ಹೋಗಿ ಊರನ್ನು ಎಂದಾಗುತ್ತದೆ, ಇದು ಲೋಪ. ಬರುವುದೋ ಹೋಗುವುದೋ ಎಂಬುದನ್ನು ಪದದ ಇಚ್ಛೆ ನಿರ್ಧರಿಸುವುದಿಲ್ಲ, ನೆರೆಯ ವರ್ಣ ನಿರ್ಧರಿಸುತ್ತದೆ. ಹಾಗೆಯೇ ಹುಳಿಯ ನೆರೆಯಲ್ಲಿ ಅಮೋನಿಯಕ್ಕೆ ಪ್ರೋಟಾನಿನ ಆಗಮ, ಸುಣ್ಣದ ನೆರೆಯಲ್ಲಿ ಅಮೋನಿಯಮ್ಮಿನಿಂದ ಪ್ರೋಟಾನಿನ ಲೋಪ. ಅಂಗೈಯ ಮಿಶ್ರಣಕ್ಕೆ ನಿಂಬೆಯ ರಸವನ್ನು ಧಾರಾಳವಾಗಿ ಹಿಂಡಿ ನೋಡಿ: ಘಾಟು ಅಡಗುತ್ತದೆ. ಹೋಲಿಕೆಗೆ ಒಂದು ಮಿತಿಯುಂಟು. ಕವಿಯು ಒಮ್ಮೆ ಮಾಡಿದ ಸಂಧಿ ಗ್ರಂಥದಲ್ಲಿ ಹಾಗೆಯೇ ಇರುತ್ತದೆ. ನೀರಿನಲ್ಲಿ ಈ ಸಂಧಿಯನ್ನು ಕೂಡಿಸುವ, ಬಿಡಿಸುವ ಕಾರ್ಯ ಕ್ಷಣಕ್ಷಣವೂ ನಡೆದೇ ಇರುತ್ತದೆ.

ಕಲಾಯಿಯ ಹೊಗೆಯ ಗುಟ್ಟೂ ಇದೇ. ಕಾದ ಪಾತ್ರೆಯ ಮೇಲೆ ಬಿದ್ದ ನವಸಾಗರವು ಅಮೋನಿಯವಾಗಿಯೂ ಹೈಡ್ರೋಕ್ಲೋರಿಕ್ ಆಮ್ಲದ ಆವಿಯಾಗಿಯೂ ಒಡೆಯುತ್ತದೆ. ಆಮ್ಲವು ತಾಮ್ರದ ಮೇಲಿನ ಕಪ್ಪು ಕಿಟ್ಟವನ್ನು ತಿಂದು ಲೋಹವನ್ನು ಬೆತ್ತಲೆಮಾಡುತ್ತದೆ. ಅಲ್ಲಿ ತವರ ಹಿಡಿಯುತ್ತದೆ. ಉಳಿದ ಆಮ್ಲವೂ ಅಮೋನಿಯವೂ ಮೇಲೆ ತಂಪು ಗಾಳಿಯಲ್ಲಿ ಮತ್ತೆ ಕೂಡಿ ನವಸಾಗರವೇ ಆಗುತ್ತವೆ. ನಾವು ಕಂಡ ಬಿಳಿಯ ಹೊಗೆಯೇ ಅದು.

ಇನ್ನು ಹೊಲಕ್ಕೆ ಹೋಗೋಣ. ಅಲ್ಲಿ ಸುಣ್ಣ ಯಾರದು, ನವಸಾಗರ ಯಾವುದು ಎಂಬುದನ್ನು ನೋಡಬೇಕು.

ನಮ್ಮ ನಡುಗಡ್ಡೆಯ ಎರೆಯ ಹೊಲವನ್ನು ಅಗೆದವರಿಗೆಲ್ಲ ಬಿಳಿಯ ಸುಣ್ಣದ ಹರಳುಗಳು ಗೊತ್ತು. ಎರೆಯ ಮಣ್ಣು ಸಾಮಾನ್ಯವಾಗಿ ಕ್ಷಾರದ ಕಡೆಗೆ ವಾಲಿದ ಮಣ್ಣು. ಮಣ್ಣಿನ ಪರೀಕ್ಷೆಯ ಚೀಟಿಯಲ್ಲಿ ಪಿ.ಎಚ್. ಎಂಬ ಕಡೆ ಬರೆದಿರುವ ಅಂಕಿಯನ್ನು ನೋಡಿಕೊಳ್ಳಿ. 7 ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಸುಣ್ಣದ ಹರಳಿರುವ ನೆಲದಲ್ಲಿ ಅದು 8ನ್ನು ದಾಟಿರುವುದೇ ಹೆಚ್ಚು. ಅಮೋನಿಯದ ವಿಷಯದಲ್ಲಿ ನೆನಪಿಡಬೇಕಾದ ಅಂಕಿ 9.25. ಪಿ.ಎಚ್. ಅಷ್ಟಿರುವಲ್ಲಿ ಅರ್ಧ ಅಮೋನಿಯಂ, ಅರ್ಧ ಅಮೋನಿಯ. ಒಂದು ಮೆಟ್ಟಿಲು ಇಳಿದು 8.25ಕ್ಕೆ ಬಂದರೆ ಹತ್ತು ಅಮೋನಿಯಮ್ಮಿಗೆ ಒಂದು ಅಮೋನಿಯ. 7.25ರಲ್ಲಿ ನೂರಕ್ಕೆ ಒಂದು, 6.25ರಲ್ಲಿ ಸಾವಿರಕ್ಕೆ ಒಂದು. ಒಂದೊಂದು ಮೆಟ್ಟಿಲಿಗೂ ಹತ್ತು ಪಟ್ಟು. ಈ ಲೆಕ್ಕ 25 ಡಿಗ್ರಿ ಉಷ್ಣತೆಯದು. ನಮ್ಮ ಬಿಸಿಲಿನಲ್ಲಿ, ಉಷ್ಣತೆ 35ಕ್ಕೆ ಏರಿದರೆ, ಆ ಅರ್ಧಕ್ಕರ್ಧದ ಅಂಕಿಯೇ 9ರ ಹತ್ತಿರಕ್ಕೆ ಇಳಿಯುತ್ತದೆ. ಎಂದರೆ ಅದೇ ಹೊಲದಲ್ಲಿ, ಅದೇ ಗೊಬ್ಬರದಿಂದ, ಮಧ್ಯಾಹ್ನ ಹೆಚ್ಚು ಅಮೋನಿಯ ಏಳುತ್ತದೆ.

ಹತ್ತಕ್ಕೆ ಒಂದು ತಾನೇ, ಹೋದರೆ ಹೋಗಲಿ ಎನ್ನುವಂತಿಲ್ಲ. ಆ ಒಂದು ಗಾಳಿಗೆ ಹಾರಿದೊಡನೆ ಅದರ ಜಾಗವನ್ನು ತುಂಬಲು ಇನ್ನೊಂದು ಅಮೋನಿಯಂ ತನ್ನ ಪ್ರೋಟಾನನ್ನು ಬಿಟ್ಟು ಅಮೋನಿಯವಾಗುತ್ತದೆ, ಅದೂ ಹಾರುತ್ತದೆ. ತಳದಲ್ಲಿ ಸಣ್ಣ ತೂತಿರುವ ಕೊಡದಂತೆ. ಹೀಗೆ ಬಿಟ್ಟುಹೋದ ಪ್ರೋಟಾನುಗಳು ಮಣ್ಣಿನಲ್ಲಿ ಸೇರಿದಂತೆ ಹುಳಿ ಹೆಚ್ಚಿ, ತೂತು ತಾನೇ ಮುಚ್ಚಿಕೊಳ್ಳಬೇಕಾಗಿತ್ತು. ಆದರೆ ಸುಣ್ಣದ ಹರಳಿರುವ ನೆಲದಲ್ಲಿ ಆ ಸುಣ್ಣವು ಬಂದ ಬಂದ ಪ್ರೋಟಾನುಗಳನ್ನೆಲ್ಲ ನುಂಗುತ್ತ ಕುಳಿತಿರುತ್ತದೆ. ತೂತು ಮುಚ್ಚುವುದೇ ಇಲ್ಲ. ಎರೆಯ ಹೊಲದಲ್ಲಿ ಮೇಲೆ ಎರಚಿದ ಗೊಬ್ಬರ ಏಕೆ ನಿಲ್ಲದು ಎಂಬುದಕ್ಕೆ ನಮಗೆ ತಿಳಿದ ಮುಖ್ಯ ಕಾರಣ ಇದು.

ಚೀಲದಲ್ಲಿರುವುದು ಅಮೋನಿಯಂ ಅಲ್ಲವಲ್ಲ, ಯೂರಿಯವಲ್ಲವೇ ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಯೂರಿಯವು ಆಮ್ಲವೂ ಅಲ್ಲ, ಪ್ರತ್ಯಾಮ್ಲವೂ ಅಲ್ಲ ಎನ್ನುವಷ್ಟು ಸಾಧು. ಅದರಲ್ಲಿ ನೂರಕ್ಕೆ 46 ಪಾಲು ಸಾರಜನಕ. 45 ಕಿಲೋಗ್ರಾಮಿನ ಚೀಲದಲ್ಲಿ 20 ಕಿಲೋಗ್ರಾಮಿಗೂ ಮಿಕ್ಕಿ. 1828ರಲ್ಲಿ ಜರ್ಮನಿಯ ವೋಲರ್ ಎಂಬವನು ಅಮೋನಿಯಮ್ಮಿನ ಒಂದು ಲವಣದಿಂದ ಇದನ್ನು ತಯಾರಿಸಿದಾಗ, ಪ್ರಾಣಿಯ ಮೂತ್ರದಲ್ಲಿ ಹುಟ್ಟುವ ವಸ್ತುವನ್ನು ಪ್ರಾಣಿಯಿಲ್ಲದೆ ಮಾಡಿದನೆಂದು ಜಗತ್ತು ಬೆರಗಾಯಿತು. ಈಗಿನ ಕಾರ್ಖಾನೆಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದು, ಹಾಬರ್ ಮತ್ತು ಬೋಷ್ ಎಂಬವರ ಕ್ರಮದಿಂದ ಅಮೋನಿಯ ಮಾಡಿ, ಅದಕ್ಕೆ ಇಂಗಾಲದ ಡೈಆಕ್ಸೈಡನ್ನು ಭಾರಿ ಒತ್ತಡದಲ್ಲಿ ಸೇರಿಸಿ ಯೂರಿಯ ಮಾಡುತ್ತಾರೆ. 1951ರಲ್ಲಿ ಸಿಂದ್ರಿಯ ಕಾರ್ಖಾನೆ ಆರಂಭವಾದಾಗ ಅಲ್ಲಿಂದ ಬಂದುದು ಅಮೋನಿಯಂ ಸಲ್ಫೇಟು. ನಮ್ಮ ತೆಲಂಗಾಣದ ರಾಮಗುಂಡದಲ್ಲಿ 2021ರಲ್ಲಿ ಮತ್ತೆ ಉತ್ಪಾದನೆ ಆರಂಭಿಸಿದ ಕಾರ್ಖಾನೆ ಯೂರಿಯದ್ದು.

ಈ ಸಾಧು ಯೂರಿಯ ಮಣ್ಣಿಗೆ ಬಿದ್ದು ತೇವ ತಗಲಿದೊಡನೆ, ಮಣ್ಣಿನ ಸೂಕ್ಷ್ಮ ಜೀವಿಗಳಿಂದ ಬಂದ ಯೂರಿಯೇಸ್ ಎಂಬ ಕಿಣ್ವವು ಅದನ್ನು ಕೆಲವೇ ದಿನಗಳಲ್ಲಿ ಅಮೋನಿಯಂ ಕಾರ್ಬೊನೇಟನ್ನಾಗಿ ಒಡೆಯುತ್ತದೆ. ಒಡೆಯುವಾಗ ಸುತ್ತಲಿನ ಪ್ರೋಟಾನುಗಳನ್ನು ಬಳಸಿಕೊಳ್ಳುವುದರಿಂದ, ಪ್ರತಿಯೊಂದು ಕಾಳಿನ ಸುತ್ತಲೂ ಸಾಸಿವೆಯಷ್ಟು ಜಾಗದಲ್ಲಿ ಪಿ.ಎಚ್. 9ರ ಹತ್ತಿರಕ್ಕೆ ಏರುತ್ತದೆ. ನೋಡಿ: ನವಸಾಗರವೂ ತಾನೇ, ಸುಣ್ಣವೂ ತಾನೇ! ಎರೆಯಲ್ಲಿ ಮಾತ್ರವಲ್ಲ, ಮಸಾರಿಯಲ್ಲಿಯೂ ಇದೇ ಅಪಾಯ. ಮಸಾರಿಯ ಮರಳುಮಣ್ಣಿಗೆ ಏರಿದ ಕ್ಷಾರವನ್ನು ತಡೆಯುವ ಶಕ್ತಿಯೂ ಕಡಮೆ, ಅಮೋನಿಯಮ್ಮನ್ನು ಹಿಡಿದಿಡುವ ಜೇಡಿಯೂ ಕಡಮೆ. ಎರೆಯಲ್ಲಿ ಜೇಡಿ ಹೇರಳ. ಜೇಡಿಯ ಕಣ ಋಣ ವಿದ್ಯುತ್ತಿನದು, ಅಮೋನಿಯಂ ಧನ ವಿದ್ಯುತ್ತಿನದು. ಒಳಗೆ ಹೋಗಿ ಸೇರಿದರೆ ಜೇಡಿ ಅದನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಆದರೆ ಒಳಗೆ ಹೋಗಬೇಕು. ಮೇಲೆಯೇ ಬಿದ್ದರೆ, ಗಾಳಿಯಿಂದ ಮಾಡಿದ್ದು ಗಾಳಿಗೇ ಹೋಯಿತು.

2025ರ ಮುಂಗಾರಿನಲ್ಲಿ ತೆಲಂಗಾಣದ ಊರೂರಿನಲ್ಲಿ ಯೂರಿಯಕ್ಕಾಗಿ ನಿಂತ ಸಾಲುಗಳನ್ನು ತಾವು ಮರೆತಿರಲಾರಿರಿ. ನಸುಕಿನಲ್ಲಿಯೇ ಹೋಗಿ, ನಿಲ್ಲಲಾರದವರು ತಮ್ಮ ಚಪ್ಪಲಿಗಳನ್ನು ಸಾಲಿನಲ್ಲಿಟ್ಟು ಕಾದರು. ಹಾಗೆ ಕಾದು ತಂದ ಚೀಲವನ್ನು ಅದೇ ದಿನ ಮಧ್ಯಾಹ್ನದ ಬಿಸಿಲಿನಲ್ಲಿ ಬರಿಯ ನೆಲದ ಮೇಲೆ ಎರಚಿದವರು ನಮ್ಮಲ್ಲಿ ಎಷ್ಟು ಮಂದಿ? ನಾವು ಲೆಕ್ಕ ಹಾಕಿಲ್ಲ, ಹಾಕಿದರೆ ನಮ್ಮ ಮನೆಯವರನ್ನೂ ಸೇರಿಸಬೇಕಾದೀತು. ಭತ್ತದ ಗದ್ದೆಗಳಲ್ಲಿ ನಡೆದ ಪ್ರಯೋಗಗಳಲ್ಲಿ, ಕೆಟ್ಟ ಸಂದರ್ಭಗಳಲ್ಲಿ, ಹಾಕಿದ ಸಾರಜನಕದ ಅರ್ಧದಷ್ಟು ಅಮೋನಿಯವಾಗಿ ಹೋದುದುಂಟು. ಎರಡು ಚೀಲಕ್ಕೆ ಕಾದು ಒಂದು ಚೀಲವನ್ನು ಬೆಳೆಗೆ ಕೊಟ್ಟಂತೆ.

ಹಾಗಾದರೆ ಮಾಡುವುದೇನು? ಒಂದೇ ಮಾತಿನಲ್ಲಿ ಹೇಳುವುದಾದರೆ, ಮುಚ್ಚುವುದು. ಹತ್ತಿಯ ಸಾಲಿನಲ್ಲಿ ಯೂರಿಯವನ್ನು ಗಿಡದಿಂದ ಸ್ವಲ್ಪ ದೂರ, ಎರಡು ಮೂರು ಬೆರಳಗಲ ಆಳಕ್ಕೆ ಹಾಕಿ ಮಣ್ಣೆಳೆಯಬೇಕು. ಬೇರಿಗೆ ತೀರ ಹತ್ತಿರ ಹಾಕಿದರೆ ಅದೇ ಅಮೋನಿಯವು ಎಳೆಯ ಬೇರನ್ನು ಸುಡುತ್ತದೆ. ಬೀಜದ ಹತ್ತಿಗೆ ಹೆಸರಾದ ನಮ್ಮ ಗದ್ವಾಲದ ಕಡೆ ಒಂದೊಂದು ಗಿಡವನ್ನೂ ಕೂಸಿನಂತೆ ನೋಡುವವರಿಗೆ ಇದು ಕಷ್ಟವಾಗಲಾರದು. ಎಳೆಯಲಾಗದಿದ್ದರೆ ನೀರು ಹಾಯಿಸುವ ಮೊದಲು ಎರಚಿ, ಒಡನೆಯೇ ನೀರು ಕೊಡಬೇಕು. ಯೂರಿಯ ಒಡೆಯುವ ಮೊದಲು ನೀರಿನೊಡನೆ ಕೆಳಗಿಳಿಯುತ್ತದೆ, ಏಕೆಂದರೆ ಅದಕ್ಕೆ ವಿದ್ಯುತ್ತಿಲ್ಲದ ಕಾರಣ ಜೇಡಿ ಅದನ್ನು ತಡೆಯದು. ಅತ್ಯಂತ ಕೆಟ್ಟುದು ಅರೆತೇವ: ಇಬ್ಬನಿಯೋ ತುಂತುರೋ ಬಿದ್ದು ಕಾಳು ಕರಗಿ, ಅನಂತರ ಬಿಸಿಲು ಕಾದು ಒಣಗುವುದು. ಕರಗಲು ಸಾಕು, ಇಳಿಯಲು ಸಾಲದು.

ಕಾಲುವೆಯ ಕೆಳಗಿನ ಗದ್ದೆಗಳ ಕಥೆ ಬೇರೆ. ತುಂಗಭದ್ರೆಯ ರಾಜೋಳಿಬಂಡದ ಅಣೆಕಟ್ಟಿನಿಂದ ಹೊರಟ ಕಾಲುವೆ ಮೊದಲು ರಾಯಚೂರಿನ ನೆಲದಲ್ಲಿ ಹರಿದು ಅನಂತರ ನಮ್ಮ ಕಡೆಗೆ ಬರುತ್ತದೆ; ಈ ಭಾಗದ 87,500 ಎಕರೆಗಳಿಗೆಂದು ಕಟ್ಟಿದ್ದು. ನೀರು ಕೊನೆಯವರೆಗೆ ಬಂದ ದಿನ ಗದ್ದೆಯಲ್ಲಿ ಕಟ್ಟಿ ನಿಲ್ಲಿಸುತ್ತೇವೆ. ನಿಂತ ನೀರಿಗೆ ಯೂರಿಯ ಎರಚುತ್ತೇವೆ. ನೀರಿನಲ್ಲಿ ಮುಳುಗಿತು, ಇನ್ನು ಭಯವಿಲ್ಲವೆಂದು ತಿಳಿಯುತ್ತೇವೆ. ಆದರೆ ಗದ್ದೆಯ ನೀರಿನಲ್ಲಿ ಹಸುರು ಪಾಚಿಯಿದೆ. ಬಿಸಿಲೇರಿದಂತೆ ಪಾಚಿಯು ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ. ನೀರಿಗೆ ಹುಳಿ ಕೊಡುತ್ತಿದ್ದುದೇ ಅದು. ಅದು ಹೋದಮೇಲೆ ಮಧ್ಯಾಹ್ನದ ಹೊತ್ತಿಗೆ ನೀರಿನ ಪಿ.ಎಚ್. 9ನ್ನೂ ದಾಟಬಹುದು. ರಾತ್ರಿ ಮತ್ತೆ ಇಳಿಯುತ್ತದೆ. ಆದ್ದರಿಂದ ಗದ್ದೆಯ ನೀರನ್ನು ತೆಗೆದು, ಕೆಸರಿನ ಮೇಲೆ ಸಂಜೆಯ ಹೊತ್ತು ಎರಚಿ, ಕಾಲಿನಿಂದಲೋ ಕಳೆ ತೆಗೆಯುವ ಸಾಧನದಿಂದಲೋ ಕೆಸರಿನೊಳಗೆ ಕಲಸಿ, ಅನಂತರ ನೀರು ಕಟ್ಟುವುದು ಮೇಲು. ತೆಗೆದ ನೀರು ಮತ್ತೆ ಬರುವುದೆಂಬ ಭರವಸೆ ಇಲ್ಲದ ಕಾಲುವೆಯ ಕೊನೆಯವರಿಗೆ ಈ ಉಪದೇಶ ನಗೆ ತರಿಸಬಹುದು. ಅವರು ಸಾಲು ತಪ್ಪಿದ ದಿನ ನೀರು ಇಂಗಿದ ಮೇಲೆ, ಮುಂದಿನ ಸರದಿಯ ನೀರಿಗೆ ಸ್ವಲ್ಪ ಮುಂಚೆ ಹಾಕುವುದೊಳ್ಳೆಯದು.

ಬೇವು ಲೇಪಿಸಿದ ಯೂರಿಯ ಬಂದಿದೆಯಲ್ಲ, ಇನ್ನೇತರ ಚಿಂತೆ ಎಂಬ ಮಾತನ್ನು ಬಹಳ ಕೇಳುತ್ತೇವೆ. 2015ರಿಂದ ನಮ್ಮ ದೇಶದ ಯೂರಿಯಕ್ಕೆ ಬೇವಿನ ಎಣ್ಣೆಯ ಲೇಪವಿರುವುದು ನಿಜ. ಅದರ ಉಪಯೋಗವೂ ನಿಜ. ಆದರೆ ಬೇವಿನ ಮುಖ್ಯವಾದ ಕೆಲಸವೇ ಬೇರೆ. ಅಮೋನಿಯಮ್ಮನ್ನು ಬ್ಯಾಕ್ಟೀರಿಯಗಳು ನೈಟ್ರೇಟನ್ನಾಗಿ ಮಾಡುವುದನ್ನು ಅದು ನಿಧಾನಮಾಡುತ್ತದೆ. ನೈಟ್ರೇಟು ನೀರಿನೊಡನೆ ಬಸಿದುಹೋಗುವುದು ಅದರಿಂದ ಕಡಮೆಯಾಗುತ್ತದೆ. ಅಮೋನಿಯಮ್ಮಿನಿಂದ ಅಮೋನಿಯ ಹಾರುವುದನ್ನು ಅದು ತಡೆಯದು. ಅಮೋನಿಯಮ್ಮು ಹೆಚ್ಚು ದಿನ ಅಮೋನಿಯಮ್ಮಾಗಿಯೇ ಉಳಿದರೆ, ಮೇಲೆ ಬಿದ್ದಿರುವಾಗ, ಹಾರಲು ಹೆಚ್ಚು ದಿನ ಸಿಕ್ಕಂತೆಯೂ ಆಗಬಹುದು. ಬೇವಿದ್ದರೂ ಮುಚ್ಚಲೇಬೇಕು.

ತಿಪ್ಪೆಯ ವಿಷಯ ಎರಡೇ ಮಾತು. ಬೆಳಗ್ಗೆ ಕೊಟ್ಟಿಗೆಯ ಬಾಗಿಲು ತೆಗೆದಾಗ ಮೂಗಿಗೆ ಬಡಿಯುವುದೂ ಅಮೋನಿಯವೇ, ಗಂಜಲದ ಯೂರಿಯದ್ದು. ಒಲೆಯ ಬೂದಿ ಕ್ಷಾರ. ಅದನ್ನು ಕೊಳೆಯುತ್ತಿರುವ ಸಗಣಿ ಗಂಜಲಗಳ ಮೇಲೆ ಸುರಿದರೆ ಅಂಗೈಯ ಪ್ರಯೋಗವನ್ನೇ ತಿಪ್ಪೆಯಲ್ಲಿ ಮಾಡಿದಂತೆ. ಬೂದಿಯನ್ನು ಬೇರೆ ಇಟ್ಟು ನೇರವಾಗಿ ಹೊಲಕ್ಕೆ ಒಯ್ಯಿರಿ; ತಿಪ್ಪೆಗೆ ಮಣ್ಣು ಮುಚ್ಚಿರಿ, ಸಾಧ್ಯವಾದರೆ ಸ್ವಲ್ಪ ಸೂಪರ್ ಫಾಸ್ಫೇಟನ್ನು ಎರಚಿರಿ. ಅದು ಹುಳಿ, ಅಮೋನಿಯವನ್ನು ಹಿಡಿದಿಡುತ್ತದೆ.

ಕೊನೆಯದಾಗಿ ಹೇಳುವುದನ್ನು ಹೇಳಬೇಕೋ ಬೇಡವೋ ಎಂದು ಬಹಳ ಯೋಚಿಸಿದೆವು. ಈ ಭಾಷಣಕ್ಕೆ ಆ ಹಿರಿಯರ ಪ್ರಶ್ನೆ ಒಂದು ಕಾರಣವಾದರೆ, ಇದು ಇನ್ನೊಂದು ಕಾರಣ.

ಕೆಲವು ವರ್ಷಗಳ ಹಿಂದೆ ನಮ್ಮ ನೆರೆಯವರೊಬ್ಬರ ಮನೆಯಲ್ಲಿ ಬೆಳೆಗೆ ಸಿಂಪಡಿಸಲೆಂದು ಬಕೆಟಿನಲ್ಲಿ ಎರಡು ಮೂರು ಕಿಲೋ ಯೂರಿಯವನ್ನು ಕರಗಿಸಿ ಇಟ್ಟಿದ್ದರು. ಪಂಪನ್ನು ತರಲು ಮಗನು ಒಳಗೆ ಹೋದನು. ಹೊಲದಿಂದ ದಣಿದು ಬಂದ ಎರಡು ಎತ್ತುಗಳು ಅದನ್ನು ನೀರೆಂದು ಕುಡಿದುಬಿಟ್ಟವು. ಅರ್ಧ ಗಂಟೆಯೊಳಗೆ ಒಂದರ ಮೈ ನಡುಗಿತು, ಬಾಯಲ್ಲಿ ನೊರೆ ಬಂದಿತು, ಹೊಟ್ಟೆ ಉಬ್ಬಿತು, ಬಿದ್ದುಬಿಟ್ಟಿತು. ಪಶುವೈದ್ಯರು ಬಂದವರೇ ಮೊದಲು ಕೇಳಿದುದು ಔಷಧದ ಪೆಟ್ಟಿಗೆಯನ್ನಲ್ಲ, "ಸಿರ್ಕಾ ಎಲ್ಲಿ ಸಿಗುತ್ತದೆ?" ಎಂದು. ಊರಿನ ಅಂಗಡಿ, ಹೋಟೆಲುಗಳನ್ನೆಲ್ಲ ಸುತ್ತಿ ನಾಲ್ಕಾರು ಬಾಟಲಿ ತಂದೆವು. ಅದನ್ನು ತಣ್ಣೀರಿನಲ್ಲಿ ಬೆರೆಸಿ ನಳಿಗೆಯ ಮೂಲಕ ಹೊಟ್ಟೆಗೆ ಇಳಿಸಿದರು. ಬಿದ್ದ ಎತ್ತು ಏಳಲಿಲ್ಲ. ಕಡಮೆ ಕುಡಿದಿದ್ದ ಇನ್ನೊಂದು ಸಂಜೆಯ ಹೊತ್ತಿಗೆ ಮೇವಿಗೆ ಬಾಯಿ ಹಾಕಿತು.

ಹುಳಿ ಆ ಎತ್ತನ್ನು ಹೇಗೆ ಉಳಿಸಿತೆಂಬುದು ಅಂದು ನಮಗೆ ತಿಳಿಯಲಿಲ್ಲ, ಪವಾಡದಂತೆ ಕಂಡಿತು. ಈಗ ತಿಳಿದಿದೆ. ಎತ್ತಿನ ದೊಡ್ಡ ಹೊಟ್ಟೆಯಲ್ಲಿಯೂ ಯೂರಿಯೇಸ್ ಇದೆ. ಅಲ್ಲಿ ಸಹಜವಾಗಿ 6, 7ರ ಹುಳಿಯಿರುವುದರಿಂದ, ಸ್ವಲ್ಪ ಅಮೋನಿಯ ಹುಟ್ಟಿದರೂ ಅಮೋನಿಯಮ್ಮಾಗಿಯೇ ಇರುತ್ತದೆ. ವಿದ್ಯುತ್ತುಳ್ಳ ಅಮೋನಿಯಂ ಹೊಟ್ಟೆಯ ಗೋಡೆಯನ್ನು ಸುಲಭವಾಗಿ ದಾಟಲಾರದು. ಒಮ್ಮೆಲೇ ಬಹಳ ಯೂರಿಯ ಬಿದ್ದರೆ ಹೊಟ್ಟೆಯ ಪಿ.ಎಚ್. ಏರುತ್ತದೆ, ಪ್ರೋಟಾನು ಲೋಪವಾದ ಅಮೋನಿಯವು ಗೋಡೆಯನ್ನು ದಾಟಿ, ರಕ್ತಕ್ಕೆ ಸೇರಿ, ಮಿದುಳಿಗೆ ಹೋಗುತ್ತದೆ. ಸಿರ್ಕಾ ಆ ಪ್ರೋಟಾನನ್ನು ಹಿಂದಿರುಗಿಸುತ್ತದೆ. ತಣ್ಣೀರು ಕಿಣ್ವದ ಓಟವನ್ನು ತಡೆಯುತ್ತದೆ. ಹೊಲದಲ್ಲಿ ಸಾರಜನಕವನ್ನು ನಿಲ್ಲಿಸುವ ನಿಯಮವೂ, ಕೊಟ್ಟಿಗೆಯಲ್ಲಿ ಪ್ರಾಣವನ್ನು ನಿಲ್ಲಿಸಿದ ನಿಯಮವೂ ಬೇರೆಯಲ್ಲ.

ಆ ಮಗನು ನಮ್ಮ ವಿದ್ಯಾರ್ಥಿ. ಅಮೋನಿಯದ ಸಮೀಕರಣಕ್ಕೆ ಅವನಿಗೆ ವಾರ್ಷಿಕ ಪರೀಕ್ಷೆಯಲ್ಲಿ ಪೂರ್ಣ ಅಂಕಗಳು ಬಂದಿದ್ದವು. ಅದು ಬಕೆಟಿನಲ್ಲಿದ್ದ ವಸ್ತುವಿನ ಸಮೀಕರಣವೆಂದು ಅವನಿಗೆ ಯಾರೂ ಹೇಳಿರಲಿಲ್ಲ, ನಾವೂ ಹೇಳಿರಲಿಲ್ಲ.

ಯೂರಿಯ ಕರಗಿಸಿದ ಪಾತ್ರೆಯನ್ನು ದನಗಳು ಬರುವ ಅಂಗಳದಲ್ಲಿ ಇಡಬೇಡಿ. ಖಾಲಿ ಚೀಲವನ್ನು ದನಗಳು ನೆಕ್ಕದಂತೆ ಮೇಲೆ ಕಟ್ಟಿರಿ. ಕೊಟ್ಟಿಗೆಯ ಗೂಡಿನಲ್ಲಿ ಕೆಲವು ಬಾಟಲಿ ಸಿರ್ಕಾ ಇರಲಿ. ಕೂಡಲೇ ಪಶುವೈದ್ಯರನ್ನು ಕರೆಯಿರಿ, ಅಳತೆಯನ್ನು ಅವರೇ ಹೇಳಲಿ. ನರಳುತ್ತಿರುವ ದನಕ್ಕೆ ಒರಟಾಗಿ ಗಂಟಲಿಗೆ ಸುರಿದರೆ ಅದು ಶ್ವಾಸಕೋಶಕ್ಕೆ ಹೋಗುವ ಭಯವುಂಟು.

ಸಭಾಂಗಣದ ಹೊರಗೆ, ಬಲಗಡೆಯ ಮೇಜಿನ ಮೇಲೆ ನವಸಾಗರ, ಸುಣ್ಣ, ಅರಿಸಿನದ ಕಾಗದ, ನಿಂಬೆಯ ಹೋಳುಗಳನ್ನು ನಮ್ಮ ಮಕ್ಕಳು ಇಟ್ಟುಕೊಂಡು ನಿಂತಿದ್ದಾರೆ. ಊಟಕ್ಕೆ ಹೋಗುವ ಮೊದಲು ಎಲ್ಲರೂ ಒಮ್ಮೆ ಮಾಡಿ ನೋಡಬೇಕೆಂದು ಬೇಡಿಕೊಳ್ಳುತ್ತೇವೆ. ಮೂಗನ್ನು ತೀರ ಹತ್ತಿರ ಒಯ್ಯಬಾರದು. ಕೈಯನ್ನು ಚೆನ್ನಾಗಿ ತೊಳೆದುಕೊಂಡೇ ಎಲೆಯ ಮುಂದೆ ಕೂರಬೇಕು.